ಜಾರಬಾರದೆಂಬ ನಿರ್ಣಯವೂ ಒಂದು ಜಾರುಬಂಡಿಯೂ

ನಮ್ಮ ವಸತಿ ಸಮುಚ್ಚಯದ ಜಾರುಬಂಡಿಯಲ್ಲಿ ಯಾರೂ ಜಾರಕೂಡದು ಎಂದು ಸರ್ವಾನುಮತದಿಂದ ನಿರ್ಣಯ ಕೈಗೊಂಡ ಸಭೆಗೆ ನಾನೇ ಕಾರ್ಯದರ್ಶಿ. ಬರೆದದ್ದು ನನ್ನ ಕೈ, ಓದಿ ಹೇಳಿದ್ದು ನನ್ನ ಬಾಯಿ. ಹಾಗೆಂದು ತಪ್ಪೆಲ್ಲ ನನ್ನೊಬ್ಬನದೇ ಎಂದರೆ ಒಪ್ಪುವವನಲ್ಲ. ಅಂದು ಕೈ ಎತ್ತಿದವರು ಇಪ್ಪತ್ತಮೂರು ಜನ.

ನಡೆದದ್ದು ಇಷ್ಟು. ಸಂಘದ ಅಧ್ಯಕ್ಷರು ಒಂದು ಬೆಳಿಗ್ಗೆ ನಮ್ಮ ಪುಟ್ಟ ಉದ್ಯಾನದ ಒದ್ದೆ ಮೆಟ್ಟಿಲ ಮೇಲೆ ಜಾರಿ ಪಕ್ಕದ ಬೇಲಿಗಿಡದಲ್ಲಿ ಕೂತುಬಿಟ್ಟರು. ಅಧ್ಯಕ್ಷರು ನೂರಾಹತ್ತು ಕಿಲೋ ತೂಕದವರು. ಗಿಡ ಮತ್ತೆ ಏಳಲಿಲ್ಲ. ಅಂದು ಸಂಜೆಯೇ ತುರ್ತು ಸಭೆ ಸೇರಿತು. ನಾನು ನಿರ್ಣಯ ಬರೆದೆ: "ಉದ್ಯಾನದ ಯಾವುದೇ ಮೇಲ್ಮೈಯಲ್ಲಿ ಯಾರೂ ಜಾರದಂತೆ ಜಾರುನಿರೋಧಕ ಬಣ್ಣ ಬಳಿಸತಕ್ಕದ್ದು." 'ಮೆಟ್ಟಿಲು' ಎಂದು ಬರೆಯಬಹುದಿತ್ತು. ಆದರೆ 'ಯಾವುದೇ ಮೇಲ್ಮೈ' ಎಂಬುದರಲ್ಲಿ ಒಂದು ಗತ್ತು ಇದೆಯೆಂದು ನನಗನಿಸಿತು. ಸಭೆಗೂ ಅನಿಸಿರಬೇಕು, ಚಪ್ಪಾಳೆ ಬಿತ್ತು.

ಪೇಂಟರು ಪ್ರಾಮಾಣಿಕ ಮನುಷ್ಯ. ಮೆಟ್ಟಿಲಿಗೆ ಹಚ್ಚಿದ. ಬೆಂಚಿಗೆ ಹಚ್ಚಿದ. ಜೋಕಾಲಿಯ ಹಲಗೆಗೆ ಹಚ್ಚಿದ. ಆ ವಾರವಷ್ಟೇ ನಿಲ್ಲಿಸಿದ್ದ ಹೊಚ್ಚಹೊಸ ಜಾರುಬಂಡಿಗೆ ಎರಡು ಕೋಟು ಹಚ್ಚಿದ.

"ಏನಪ್ಪಾ ಮಾಡಿದೆ?" ಎಂದು ನಾನು ತಲೆಯ ಮೇಲೆ ಕೈ ಹೊತ್ತುಕೊಂಡರೆ, ಅವನು ಜೇಬಿನಿಂದ ನಿರ್ಣಯದ ಪ್ರತಿ ತೆಗೆದು ಬೆರಳಿಟ್ಟು ತೋರಿಸಿದ. "ಯಾವುದೇ ಮೇಲ್ಮೈ ಅಂತ ನೀವೇ ಬರ್ದಿದೀರಲ್ಲ ಸಾರ್. ಹಡಗಿನ ಮೇಲೆ ಹಚ್ಚೋ ಬಣ್ಣ ಇದು. ಬಿರುಗಾಳೀಲೂ ನಾವಿಕರು ಜಾರಲ್ಲ. ಹತ್ತು ವರ್ಷ ಗ್ಯಾರಂಟಿ."

"ಕೆರೆದು ತೆಗೆಯೋಕೆ?"

"ಮಷೀನ್ ತರಿಸ್ಬೇಕು, ಎರಡು ವಾರ ಆಗುತ್ತೆ. ಅದೂ ತೆಗೀತೀನಿ ಅಂತ ಗ್ಯಾರಂಟಿ ಕೊಡಲ್ಲ."

ನಮಗಿದ್ದದ್ದು ಆರು ದಿನ. ಆ ಜಾರುಬಂಡಿ ನಿಂತಿದ್ದ ಮೂಲೆಯನ್ನು ನಗರಸಭೆಯವರು ಮೂರು ವರ್ಷ ಅರ್ಜಿ ಬರೆಸಿಕೊಂಡು ಮಕ್ಕಳ ಆಟಕ್ಕೆಂದು ಕೊಟ್ಟಿದ್ದರು. ಭಾನುವಾರ ಎಂಜಿನಿಯರ್ ಬಂದು ನೋಡುವಾಗ ಮಕ್ಕಳು ಅಲ್ಲಿ ಆಡುತ್ತಿದ್ದರೆ ಸರಿ, ಇಲ್ಲದಿದ್ದರೆ ಆ ಜಾಗ ಕಾರು ನಿಲ್ಲಿಸಲು ಹೋಗುತ್ತದೆ. ಕಾರು ನಿಲ್ಲಿಸಲು ಜಾಗವಿಲ್ಲದವರು ಸಮುಚ್ಚಯದಲ್ಲಿ ಕಡಿಮೆಯಿರಲಿಲ್ಲ. ಅಧ್ಯಕ್ಷರಿಗೇ ಎರಡು ಕಾರು, ಒಂದು ಜಾಗ. ಅವರು ಮಕ್ಕಳ ಬಗ್ಗೆ ಮಾತಾಡುವಾಗ ಕಣ್ಣು ಮಾತ್ರ ಆ ಮೂಲೆಯ ಅಗಲವನ್ನು ಅಳೆಯುತ್ತಿತ್ತು.

ಸೋಮವಾರ ಸಂಜೆ ಮಕ್ಕಳು ಸಾಲಾಗಿ ನಿಂತರು. ಮುಂದೆ ನಿಂತದ್ದು ಕೆಳಗಿನ ಮನೆಯ ಪುಟ್ಟಿ. ಮುಂದಿನ ಎರಡು ಹಲ್ಲು ಬಿದ್ದಿದ್ದ ಹುಡುಗಿ. ಮೂರು ವರ್ಷದಿಂದ ಕಾದಿದ್ದವಳು ಮೇಲೆ ಹತ್ತಿ ಕೂತಳು. ಕೈ ಬಿಟ್ಟಳು. ಕೂತೇ ಇದ್ದಳು. ಸೊಂಟ ಆಡಿಸಿದಳು. ಒಂದು ಗೇಣು ಬಂದಳು, ನಿಂತಳು.

"ಅಂಕಲ್, ಇದು ಜಾರುಬಂಡೀನಾ, ಬೆಂಚಾ?" ಎಂದು ಮೇಲಿನಿಂದಲೇ ಕೇಳಿದಳು.

ಸುತ್ತಲಿದ್ದವರೆಲ್ಲ ನನ್ನ ಕಡೆ ತಿರುಗಿದರು. "ಡಾಕ್ಟ್ರೇ, ಏನಿದು?"

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಾನು ಡಾಕ್ಟರಲ್ಲ. ಕನ್ನಡಕದ ಅಂಗಡಿ ಇಟ್ಟವನು. ಅಂಗಡಿಯಲ್ಲಿ ಬಿಳಿ ಕೋಟು ಹಾಕುತ್ತೇನೆ, ಗಾಜು ಸವೆಸುವಾಗ ಧೂಳು ಹಾರುತ್ತದೆ ಎಂದು. ಕೋಟು ನೋಡಿ ಯಾರೋ ಡಾಕ್ಟ್ರೇ ಎಂದರು, ನಾನು ತಿದ್ದಲಿಲ್ಲ. ತಿದ್ದದೆ ಹನ್ನೆರಡು ವರ್ಷವಾಯಿತು. ಇನ್ನು ವಿಜ್ಞಾನದ ಮಾತು: ಶಾಲೆಯಲ್ಲಿ ನನ್ನನ್ನು ಮೂವತ್ತೈದಕ್ಕೆ ಮುಟ್ಟಿಸಲು ಮೇಷ್ಟ್ರು ತಾವೇ ಮೂರು ಅಂಕ ಕೊಟ್ಟಿದ್ದರು.

ಆದರೂ ಬಾಯಿ ಸುಮ್ಮನಿರಬೇಕಲ್ಲ. "ಇದು ಭೌತಶಾಸ್ತ್ರದ ವಿಷಯ," ಎಂದೆ. "ಬಲ, ಘರ್ಷಣೆ, ವೇಗೋತ್ಕರ್ಷ. ಮಗು ಹಗುರ. ಹಗುರ ಇದ್ರೆ ಇಳಿಯಲ್ಲ. ಭಾರ ಹೆಚ್ಚಿದಷ್ಟೂ ಜಾರೋ ಬಲ ಹೆಚ್ಚು. ಲೆಕ್ಕ ಹಾಕಿ ಎಷ್ಟು ತೂಕ ಬೇಕು ಅಂತ ಹೇಳ್ತೀನಿ."

ಗುಂಪಿನಲ್ಲಿ ಗೌರವದ ಗುಜುಗುಜು ಎದ್ದಿತು. ನನ್ನ ಹೆಂಡತಿ ಮಾತ್ರ ನನ್ನನ್ನೇ ನೋಡಿ, ಏನೂ ಹೇಳದೆ, ತರಕಾರಿ ಚೀಲ ಎತ್ತಿಕೊಂಡು ಒಳಗೆ ಹೋದಳು. ಹದಿನೆಂಟು ವರ್ಷದ ಸಂಸಾರದಲ್ಲಿ ಅವಳ ಮಾತಿಗೆ ನಾನು ಹೆದರಿದ್ದಿಲ್ಲ, ಈ ಮೌನಕ್ಕೆ ಹೆದರಿದ್ದೇನೆ.

ಗುರುವಾರ ಸಂಜೆ ಪ್ರಯೋಗ ಏರ್ಪಾಡಾಯಿತು. ನನ್ನ ಸಿದ್ಧಾಂತದ ಪ್ರಕಾರ ಸಮುಚ್ಚಯದಲ್ಲೇ ಹೆಚ್ಚು ತೂಕದ ವಸ್ತು ಬೇಕಿತ್ತು. ವಸ್ತು ಎಂದು ಬಾಯಿಬಿಟ್ಟು ಹೇಳಲಾಗುತ್ತದೆಯೇ? "ಮೊದಲ ಗೌರವ ಅಧ್ಯಕ್ಷರಿಗೇ ಸಲ್ಲಬೇಕು," ಎಂದೆ. ಅವರು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಬಂದು, ಏಣಿ ನರಳುತ್ತಿದ್ದಂತೆ ಹತ್ತಿ, ಗಂಭೀರವಾಗಿ ಕೂತರು. ಕೈಬೀಸಿ ಎಲ್ಲರಿಗೂ ನಮಸ್ಕಾರ ಹೇಳಿದರು. ಕೈ ಬಿಟ್ಟರು.

ಹಡಗಿನ ಬಣ್ಣದ ಕಂಪನಿಯವರು ಆ ಹೊತ್ತಿನಲ್ಲಿ ಅಲ್ಲಿರಬೇಕಿತ್ತು.

"ಜಾರ್ತಾ ಇದೀನಾ?" ಎಂದರು ಅಧ್ಯಕ್ಷರು, ಎರಡು ನಿಮಿಷದ ಮೇಲೆ.

"ಇನ್ನೂ ಸ್ವಲ್ಪ ತೂಕ ಬೇಕು," ಎಂದೆ ನಾನು. ಮರಳಿನ ಚೀಲವೊಂದನ್ನು ಅವರ ತೊಡೆಯ ಮೇಲೆ ಇಟ್ಟೆವು. ಆಗಲಿಲ್ಲ. ಇನ್ನೊಂದು ಇಟ್ಟೆವು. ನಲವತ್ತು ಕಿಲೋ ಮರಳನ್ನು ಮಗುವಿನಂತೆ ತಬ್ಬಿಕೊಂಡು ಅಧ್ಯಕ್ಷರು ಆಕಾಶ ನೋಡುತ್ತಾ ಕೂತರು. ಅಷ್ಟರಲ್ಲಿ ಎಲ್ಲ ಬಾಲ್ಕನಿಗಳಲ್ಲೂ ಜನ. ಒಬ್ಬರು ಬೆನ್ನಿಗೆ ದಿಂಬು ಬೇಕಾ ಎಂದು ವಿಚಾರಿಸಿದರು. ಇನ್ನೊಬ್ಬರು ಕಾಫಿ ಕಳಿಸುತ್ತೇನೆಂದರು. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ.

"ಡಾಕ್ಟ್ರೇ, ನನ್ನನ್ನ ಇಳಿಸ್ರೀ!"

ಮರಳು ತೆಗೆದು, ಕಾಲು ಹಿಡಿದು ನಾಲ್ಕು ಜನ ಎಳೆದೆವು. ಅಧ್ಯಕ್ಷರು ಬಂದರು. ಪ್ಯಾಂಟಿನ ಹಿಂಭಾಗದ ಒಂದು ಭಾಗ ಬರಲಿಲ್ಲ. ಮೇಜುಬಟ್ಟೆಯೊಂದನ್ನು ಸೊಂಟಕ್ಕೆ ಸುತ್ತಿಕೊಂಡು ಅವರು ಮಾಡಿದ ಭಾಷಣ ಚಿಕ್ಕದು. "ಭಾನುವಾರ ಹತ್ತು ಗಂಟೆ. ಜಾರದೇ ಇದ್ರೆ ಹತ್ತೂಕಾಲಿಗೆ ನನ್ನ ಕಾರು ಇಲ್ಲಿರುತ್ತೆ."

 ಪುಟ್ಟಿ ಜಾರುಬಂಡಿಯ ಕೆಳತುದಿಯಲ್ಲಿ ನಿಂತು ಬೆರಳಲ್ಲಿ ಬಣ್ಣ ಉಜ್ಜುತ್ತಿದ್ದಳು.  ನನ್ನ ಎರಡು ಪದದ ಗತ್ತಿಗೆ ಆ ಮಗು ದಂಡ ತೆರಬೇಕಾಯಿತಲ್ಲ ಎನಿಸಿತು.

ಈಗ ಉಳಿದದ್ದು ಒಂದೇ ದಾರಿ, ಅದು ನನ್ನ ಮನೆಯ ಒಳಕೋಣೆಯಲ್ಲಿತ್ತು. ನನ್ನ ಅತ್ತೆ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತರಾಗಿ ನಮ್ಮ ಜೊತೆಗಿದ್ದರು. ಅವರನ್ನು ಕೇಳಬಾರದೆ ಎಂದರೆ, ನಮಗಿಬ್ಬರಿಗೂ ಒಂಬತ್ತು ದಿನದಿಂದ ಮಾತಿರಲಿಲ್ಲ. ಅಡುಗೆಮನೆಯಲ್ಲಿ ನಾನೇ ಕೈಯಾರೆ ಒಂದು ಶೆಲ್ಫ್ ಹೊಡೆದಿದ್ದೆ. ಅತ್ತೆ ಬಂದು ನೋಡಿ, ಒಂದು ತುದಿಯಲ್ಲಿ ನಿಂಬೆಹಣ್ಣು ಇಟ್ಟರು. ಅದು ಉರುಳಿ ಇನ್ನೊಂದು ತುದಿಯಿಂದ ಪಾತ್ರೆಗೆ ಬಿತ್ತು. "ಚೆನ್ನಾಗಿದೆ ಅಳಿಯಂದ್ರೇ, ಸಾಮಾನು ತಾನಾಗೇ ಕೈಗೆ ಬರುತ್ತೆ," ಎಂದರು. ಮರ್ಯಾದಸ್ಥ ಅಳಿಯ ಇನ್ನೇನು ಮಾಡಬೇಕು? ಮಾತು ಬಿಟ್ಟೆ. ಬೇಕಾದದ್ದೆಲ್ಲ ಹೆಂಡತಿಯ ಮೂಲಕ ನಡೆಯುತ್ತಿತ್ತು.

ಆ ಗುರುವಾರ ರಾತ್ರಿಯೂ ಹಾಗೇ ಶುರುವಾಯಿತು. ಊಟದ ಮೇಜಿನ ಈ ಕಡೆ ನಾನು, ಆ ಕಡೆ ಅತ್ತೆ, ನಡುವೆ ಹೆಂಡತಿ.

"ನಿಮ್ಮಮ್ಮನ್ನ ಕೇಳು, ಭಾರ ಹೆಚ್ಚಾದ್ರೂ ಯಾಕೆ ಜಾರಲಿಲ್ಲ ಅಂತ."

"ಅಮ್ಮ, ಭಾರ ಹೆಚ್ಚಾದ್ರೂ ಯಾಕೆ ಜಾರಲಿಲ್ವಂತೆ?"

"ಅವರು ಹಾಕಿದ ಲೆಕ್ಕ ತೋರಿಸೋಕೆ ಹೇಳು."

"ರೀ, ಲೆಕ್ಕ ತೋರಿಸ್ಬೇಕಂತೆ."

ನಾನು ಕಾಗದ ಕೊಟ್ಟೆ. ಅದರಲ್ಲಿ ಒಂದು ಇಳಿಜಾರು, ಅದರ ಮೇಲೊಂದು ಡಬ್ಬ, ಡಬ್ಬದಿಂದ ಕೆಳಕ್ಕೆ ಒಂದು ಬಾಣ, ಬಾಣದ ಪಕ್ಕ 'ಅಧ್ಯಕ್ಷರು' ಎಂದು ಬರೆದಿತ್ತು.

ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು. ಮುಖದಲ್ಲಿ ನಗುವಿನ ಸುಳಿವು ಬಂತು, ಅದನ್ನು ನುಂಗಿಕೊಂಡರು. "ಒಂದೇ ಬಾಣನಾ ಅಂತ ಕೇಳು."

"ಒಂದೇ ಬಾಣನಾರೀ?"

"ಅಧ್ಯಕ್ಷರು ಒಬ್ಬರೇ ತಾನೇ ಕೂತಿದ್ದಿದ್ದು!"

"ಅಯ್ಯೋ, ನನಗೆ ಸಾಕಾಯ್ತು," ಎಂದು ಹೆಂಡತಿ ತಟ್ಟೆ ಎತ್ತಿಕೊಂಡು ಎದ್ದಳು. "ಬಾಣ ನೀವು ನೀವೇ ಬಿಟ್ಕೊಳ್ಳಿ."

ಉಳಿದವರು ನಾವಿಬ್ಬರೇ.  ಪುಟ್ಟಿ ನೆನಪಾದಳು. ಮರ್ಯಾದೆಯನ್ನು ಮಡಚಿ ಜೇಬಿಗಿಟ್ಟುಕೊಂಡು, "ಅತ್ತೆ, ನನಗೆ ಗೊತ್ತಿಲ್ಲ. ಹೇಳಿಕೊಡಿ," ಎಂದೆ.

 ಅತ್ತೆ ಕುರ್ಚಿಯನ್ನು ನನ್ನ ಪಕ್ಕಕ್ಕೇ ಎಳೆದುಕೊಂಡರು. "ರಿಟೈರ್ ಆಗಿ ಏಳು ವರ್ಷ ಆಯ್ತು," ಎಂದರು, "ಯಾರೂ ಒಂದು ಲೆಕ್ಕ ಕೇಳಿರಲಿಲ್ಲ." ಅವರ ದನಿ ಮೆತ್ತಗಾಗಿತ್ತು. ಮರುಕ್ಷಣ ಪೆನ್ಸಿಲ್ ಕೈಗೆ ಬಂತು, ದನಿ ಗಟ್ಟಿಯಾಯಿತು. ನಾನು ನನಗರಿವಿಲ್ಲದೆ ಬೆನ್ನು ನೆಟ್ಟಗೆ ಮಾಡಿ ಕೂತೆ.

"ನೋಡಿ, ಭೂಮಿ ಕೆಳಕ್ಕೆ ಎಳೆಯುತ್ತೆ, ಸರಿ. ಆದರೆ ಇಳಿಜಾರಲ್ಲಿ ಆ ಎಳೆತ ಎರಡು ಪಾಲಾಗುತ್ತೆ. ಒಂದು ಪಾಲು ಇಳಿಜಾರಿನ ಉದ್ದಕ್ಕೆ, ಅದು ಜಾರಿಸೋದು. ಇನ್ನೊಂದು ಪಾಲು ಹಲಗೆಗೆ ಒತ್ತೋದು. ಎಷ್ಟು ಒತ್ತುತ್ತೋ ಅಷ್ಟಕ್ಕೆ ತಕ್ಕ ಹಾಗೆ ಘರ್ಷಣೆ ಹಿಂದಕ್ಕೆ ಹಿಡಿಯುತ್ತೆ. ನಿಮ್ಮ ಜಾರುಬಂಡಿ ಕೋನ ಎಷ್ಟು?"

"ಮೂವತ್ತು ಡಿಗ್ರಿ ಅಂತ ಅದು ಬಂದ ಪೆಟ್ಟಿಗೆ ಮೇಲಿತ್ತು."

"ಅಧ್ಯಕ್ಷರು ನೂರಾಹತ್ತು ಕಿಲೋ. ಜಾರಿಸೋ ಬಲ ಐನೂರ ಮೂವತ್ತೊಂಬತ್ತು ನ್ಯೂಟನ್. ನೀವು ನಲವತ್ತು ಕಿಲೋ ಮರಳಿಟ್ರಿ, ಅದು ಏಳುನೂರ ಮೂವತ್ತೈದಾಯ್ತು. ಖುಷಿಯಾಯ್ತಾ? ಆದರೆ ಒತ್ತೋದೂ ಹೆಚ್ಚಾಯ್ತು, ಹಿಡಿಯೋದೂ ಅದೇ ಲೆಕ್ಕದಲ್ಲಿ ಹೆಚ್ಚಾಯ್ತು. ತೂಕ ಎರಡೂ ಕಡೆ ಇದೆ. ಎರಡೂ ಕಡೆ ಇರೋದನ್ನ ಏನು ಮಾಡ್ತೀರಿ?"

"ಏನು ಮಾಡ್ತೀನಿ?"

"ಹೊಡೆದು ಹಾಕ್ತೀರಿ!" ಎಂದು ಎರಡು ಗೆರೆ ಎಳೆದರು. ಅಧ್ಯಕ್ಷರ ನೂರಾಹತ್ತು ಕಿಲೋ ಕಾಗದದ ಮೇಲಿನಿಂದ ಮಾಯವಾಯಿತು. "ಇರುವೆ ಕೂತ್ರೂ ಅದೇ, ಆನೆ ಕೂತ್ರೂ ಅದೇ. ಉಳಿಯೋದು ಎರಡೇ. ಕೋನ, ಮತ್ತೆ ಯಾವುದರ ಮೇಲೆ ಯಾವುದು ಉಜ್ಜುತ್ತೆ ಅನ್ನೋದು."

ಅಡುಗೆಮನೆಯಿಂದ ಹೆಂಡತಿ ಇಣುಕಿದಳು. "ತೂಕಕ್ಕೆ ಬೆಲೇನೇ ಇಲ್ವಾ ಅಮ್ಮ?"

"ಇದರಲ್ಲಿ ಇಲ್ಲ ಕಣೆ."

"ಒಳ್ಳೇ ಸಬ್ಜೆಕ್ಟು," ಎಂದು ಅವಳು ಒಲೆ ಪಕ್ಕದಿಂದ ಇನ್ನೊಂದು ಬಿಸ್ಕತ್ತು ತೆಗೆದುಕೊಂಡಳು.

ಶುಕ್ರವಾರ ನಾನು ಅಂಗಡಿ ತೆರೆಯಲಿಲ್ಲ. ಪೇಂಟರು ಉಳಿದ ಬಣ್ಣವನ್ನು ಒಂದು ಹಲಗೆಗೆ ಬಳಿದು ತಂದುಕೊಟ್ಟ. ಅತ್ತೆ ಅದರ ಮೇಲೆ ಪುಸ್ತಕ ತುಂಬಿದ ನನ್ನ ಹಳೇ ಪ್ಯಾಂಟು ಕೂರಿಸಿ, ಒಂದು ತುದಿಯನ್ನು ಮೆಲ್ಲಗೆ ಎತ್ತಿದರು. ನಾನು ಕೋನಮಾಪಕ ಹಿಡಿದೆ. ಪ್ರತಿ ಡಿಗ್ರಿಗೂ ಹಲಗೆಯನ್ನು ಬೆರಳಲ್ಲಿ ತಟ್ಟಬೇಕು. ಪ್ಯಾಂಟು ಒಂದೇ ವೇಗದಲ್ಲಿ ಜಾರಲು ಶುರುವಾದ ಕೋನ ಬರೆದುಕೊಳ್ಳಬೇಕು. ಪ್ಯಾಂಟು ಮೂವತ್ತೊಂಬತ್ತು ಡಿಗ್ರಿಯವರೆಗೂ ಮಿಸುಕಲಿಲ್ಲ. ನಮ್ಮದು ಮೂವತ್ತರ ಜಾರುಬಂಡಿ. ಅಧ್ಯಕ್ಷರು ಯಾಕೆ ಆಕಾಶ ನೋಡುತ್ತಾ ಕೂತರೆಂದು ನನಗೆ ಆಗ ಅರ್ಥವಾಯಿತು.

"ಜಾರುಬಂಡಿ ಬದಲಾಯಿಸೋಕಾಗಲ್ಲ. ಕೂರೋ ಬಟ್ಟೆ ಬದಲಾಯಿಸಿ," ಎಂದರು ಅತ್ತೆ. ಮನೆಯ ಕಾಲೊರಸು, ಟ್ರೇ, ರಟ್ಟು, ಸ್ನಾನದ ಟವೆಲ್, ನನ್ನ ಮಳೆಕೋಟು, ಎಲ್ಲವೂ ಹಲಗೆಯ ಮೇಲೆ ಪರೀಕ್ಷೆಗೆ ಕೂತವು. ಕಾಲೊರಸು ನನ್ನಂತೆಯೇ ಫೇಲಾಯಿತು. ರಟ್ಟು ಹರಿಯಿತು. ಕೊನೆಗೆ ಹೆಂಡತಿ ಮಂಚದ ಕೆಳಗಿನಿಂದ ಒಂದು ಸುರುಳಿ ಎಳೆದು ತಂದಳು. ಅದು ನನ್ನ ಅಂಗಡಿಯ ಹಳೇ ಫ್ಲೆಕ್ಸ್. ಬಿಳಿ ಕೋಟು ಹಾಕಿ, ಕೈ ಕಟ್ಟಿ, ಜಗತ್ತಿನ ದೃಷ್ಟಿಯನ್ನೇ ಸರಿಪಡಿಸುವವನ ಹಾಗೆ ನಿಂತ ನನ್ನ ಆಳೆತ್ತರದ ಚಿತ್ರ. ಅಂಥವು ಆರು ಮಾಡಿಸಿದ್ದೆ.

"ಬೇಡ, ಅದು ಬೇಡ," ಎಂದೆ.

ಅತ್ತೆ ಆಗಲೇ ಒಂದು ತುಂಡು ಕತ್ತರಿಸಿ ಆಗಿತ್ತು. ಹದಿನೇಳು ಡಿಗ್ರಿಗೆ ಚೂರು ಕಡಿಮೆಯಲ್ಲೇ ಜಾರಿತು. "ಘರ್ಷಣಾಂಕ ಪಾಯಿಂಟ್ ಮೂರು!" ಎಂದು ಅವರು ಕೂಗಿದ ರಭಸಕ್ಕೆ ಪಕ್ಕದ ಮನೆಯವರು ಏನಾಯಿತೆಂದು ಬಾಗಿಲು ತಟ್ಟಿದರು. "ಪುಟ್ಟಿ ಇಪ್ಪತ್ತು ಕಿಲೋ ಅಂತಿಟ್ಕೊಳ್ಳಿ. ಜಾರಿಸೋದು ತೊಂಬತ್ತೆಂಟು ನ್ಯೂಟನ್, ಘರ್ಷಣೆ ಹಿಡಿಯೋದು ಐವತ್ತೊಂದು. ಉಳಿದದ್ದು ನಲವತ್ತೇಳು. ಅದನ್ನ ಇಪ್ಪತ್ತರಿಂದ ಭಾಗಿಸಿ."

ನಾನು ಬೆರಳು ಮಡಚುವಷ್ಟರಲ್ಲಿ ಅವರೇ ಹೇಳಿದರು. "ಪ್ರತಿ ಸೆಕೆಂಡಿಗೂ ವೇಗ ಎರಡು ಪಾಯಿಂಟ್ ಮೂರೈದು ಮೀಟರ್ ಹೆಚ್ಚುತ್ತೆ. ನಾಲ್ಕು ಮೀಟರ್ ಹಲಗೆ. ಒಂದು ಪಾಯಿಂಟ್ ಎಂಟು ನಾಲ್ಕು ಸೆಕೆಂಡಿಗೆ ಕೆಳಗೆ. ಕೆಳಗೆ ಬರುವಾಗ ಸೈಕಲ್ ವೇಗ. ಆ ಮರಳೆಲ್ಲ ತುದೀಲಿ ದಪ್ಪಗೆ ಹರಡಿಸಿ."

ಶನಿವಾರವಿಡೀ ನಾವು ಮೂವರೂ ಕೂತು ಫ್ಲೆಕ್ಸ್‌ಗಳನ್ನು ಕತ್ತರಿಸಿ ಆಸನ ಹೊಲಿದೆವು. ಒಂದರ ಮೇಲೆ ನನ್ನ ಹಣೆ, ಇನ್ನೊಂದರ ಮೇಲೆ ನನ್ನ ಗಡ್ಡ. ಹೊಲಿಯುತ್ತಾ ಹೆಂಡತಿ ನನಗೆ ಲೆಕ್ಕವನ್ನು ಬಾಯಿಪಾಠ ಮಾಡಿಸಿದಳು. ಅದೇಕೆಂದರೆ, ಲೆಕ್ಕ ನನ್ನದೇ ಎಂದು ಇಡೀ ಸಮುಚ್ಚಯ ಆಗಲೇ ತೀರ್ಮಾನಿಸಿತ್ತು. ಅತ್ತೆಯೂ "ಯಾರ ಹೆಸರಾದ್ರೇನು, ಮಕ್ಕಳು ಜಾರಿದ್ರೆ ಸರಿ," ಎಂದಿದ್ದರು. ಅವರು ಹಾಗೆಂದು ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸಿದರು. ನಾನೂ ಅದನ್ನು ಒಪ್ಪಿಕೊಂಡುಬಿಟ್ಟೆ. ಒಪ್ಪಿಕೊಳ್ಳುವುದು ಸುಲಭವಾಗಿತ್ತು.

ಭಾನುವಾರ ಹತ್ತಕ್ಕೆ ಎಂಜಿನಿಯರ್ ಫೈಲು ಹಿಡಿದು ಬಂದರು. ಅಧ್ಯಕ್ಷರ ಎರಡನೇ ಕಾರು ಮೂಲೆಯ ಹೊರಗೆ ಎಂಜಿನ್ ಆಡಿಸಿಕೊಂಡು ನಿಂತಿತ್ತು. ಅದರ ಹಿಂದೆ ಇನ್ನೂ ಮೂರು. ಅಧ್ಯಕ್ಷರು ಮೈಕ್ ಹಿಡಿದು, "ನಮ್ಮ ಡಾಕ್ಟ್ರು ವೈಜ್ಞಾನಿಕವಾಗಿ ಲೆಕ್ಕ ಹಾಕಿದ್ದಾರೆ. ಇಲ್ಲ ಅಂದ್ರೆ ಇದೆಯಲ್ಲ," ಎಂದು ಕಾರಿನ ಕಡೆ ಪ್ರೀತಿಯಿಂದ ನೋಡಿದರು.

ಎಂಜಿನಿಯರ್ ಹಲಗೆ ಮುಟ್ಟಿ ನೋಡಿ ಹುಬ್ಬು ಏರಿಸಿದರು. "ಇದರ ಮೇಲೆ ಜಾರ್ತಾರಾ? ಕೊನೆಯ ವೇಗ ಎಷ್ಟು ಬರುತ್ತೆ?"

"ಸೆಕೆಂಡಿಗೆ ನಾಲ್ಕು ಪಾಯಿಂಟ್ ಮೂರು ಮೀಟರ್," ಎಂದೆ ಗತ್ತಿನಿಂದ. ಗುಂಪು ಚಪ್ಪಾಳೆ ತಟ್ಟಿತು.

"ಪರವಾಗಿಲ್ವೇ! ಘರ್ಷಣಾಂಕ ಹೇಗೆ ಕಂಡುಹಿಡಿದ್ರಿ?"

ಅದೂ ಬಾಯಿಪಾಠವಾಗಿತ್ತು. ಬಾಯಿ ತೆರೆದೆ. ಗುಂಪಿನ ಹಿಂದೆ, ಬೆಂಚಿನ ಮೇಲೆ ಅತ್ತೆ ನೋಟುಪುಸ್ತಕ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಾನು ಉತ್ತರ ತಪ್ಪಿಬಿಡುತ್ತೇನೋ ಎಂಬ ಆತಂಕದಲ್ಲಿ ಅವರ ತುಟಿ ನನಗಿಂತ ಮೊದಲೇ ಅಲುಗುತ್ತಿತ್ತು. ಅದನ್ನು ನೋಡಿ ನನಗೆ ನಾಚಿಕೆಯಾಯಿತು. ಹನ್ನೆರಡು ವರ್ಷದಲ್ಲಿ ಮೊದಲ ಸಲ.

"ಸಾರ್," ಎಂದೆ, ಪಕ್ಕದಲ್ಲೇ ಇದ್ದ ಅಧ್ಯಕ್ಷರ ಕೈಯಲ್ಲಿ ಮೈಕ್ ಇನ್ನೂ ಆನ್ ಇದ್ದುದರಿಂದ ಎಲ್ಲರಿಗೂ ಕೇಳಿಸಿತು, "ನಾನು ಡಾಕ್ಟ್ರಲ್ಲ. ಕನ್ನಡಕ ಮಾರೋನು. ಬಣ್ಣ ಬಳಿಸಿ ಕೆಡಿಸಿದ್ದು ನಾನು. ಲೆಕ್ಕ ನಮ್ಮತ್ತೆದು. ಅಗೋ ಅಲ್ಲಿ ಕೂತಿದ್ದಾರೆ."

ಎಲ್ಲರೂ ಒಟ್ಟಿಗೆ ತಿರುಗಿದರು. ಅತ್ತೆ ಕೆಂಪಗಾದರು. ಎಂಜಿನಿಯರ್ ಫೈಲು ಮಡಚಿ ಅವರ ಹತ್ತಿರ ಹೋದರು. ಮುಂದಿನ ಹತ್ತು ನಿಮಿಷ ಅವರಿಬ್ಬರ ನಡುವೆ ನಡೆದ ಮಾತು ನಮಗ್ಯಾರಿಗೂ ಅರ್ಥವಾಗಲಿಲ್ಲ. ಆದರೆ ನಡುವೆ ಎರಡು ಸಲ ಅತ್ತೆ ಅವರ ಪೆನ್ನು ಕಿತ್ತುಕೊಂಡು ತಿದ್ದಿದ್ದು ಎಲ್ಲರಿಗೂ ಕಾಣಿಸಿತು.

"ಹಾಗಾದ್ರೆ ನೋಡೇಬಿಡೋಣ," ಎಂದು ಎಂಜಿನಿಯರ್ ಮೊಬೈಲಿನ ಸ್ಟಾಪ್‌ವಾಚ್ ತೆಗೆದರು.

ಪುಟ್ಟಿ ನನ್ನ ಹಣೆಯ ಮೇಲೆ ಕೂತಳು. ಕೈ ಬಿಟ್ಟಳು.  ಆಮೇಲೆ ಕಿರುಚಾಟ, ಹಾರುವ ಜಡೆ, ಮರಳಿನಲ್ಲಿ ದೊಪ್ಪನೆ ಒಂದು ಸದ್ದು. "ಒಂದು ಪಾಯಿಂಟ್ ಎಂಟು ಆರು!" ಎಂದರು ಎಂಜಿನಿಯರ್. ಪುಟ್ಟಿ ಬಾಯ್ತುಂಬ ಮರಳು ಉಗಿಯುತ್ತಾ, "ಇನ್ನೊಂದ್ಸಲ!" ಎಂದಳು.

"ಆನೆಗೂ ಅಷ್ಟೇ ಅಂತ ಹೇಳಿದ್ರಂತೆ," ಎಂದು ಅಧ್ಯಕ್ಷರು ಮುಂದೆ ಬಂದರು. ಯಾರು ಆ ಮಾತು ಅವರಿಗೆ ಮುಟ್ಟಿಸಿದ್ದರೋ ಕಾಣೆ, ನನಗೆ ಹೆಂಡತಿಯ ಮೇಲೆ ಗುಮಾನಿಯಿದೆ. ಅವರು ಹತ್ತಿ, ನನ್ನ ಮೂಗಿನ ಮೇಲೆ ಕೂತು, ಕಣ್ಣು ಮುಚ್ಚಿದರು. ಭೂಮಿ ಸ್ವಲ್ಪ ನಡುಗಿತು. ಒಂದು ಪಾಯಿಂಟ್ ಎಂಟು ಐದು. ಮರಳಿನಲ್ಲಿ ಅಂಗಾತ ಬಿದ್ದ ಅಧ್ಯಕ್ಷರು ತುಂಬಾ ಹೊತ್ತು ಏಳಲಿಲ್ಲ. ಪೆಟ್ಟಾಯಿತೇನೋ ಎಂದು ಓಡಿಹೋದರೆ, ಅವರು ಸದ್ದಿಲ್ಲದೆ ನಗುತ್ತಿದ್ದರು. "ಪುಟ್ಟೀನೂ ನಾನೂ ಒಂದೇ ಟೈಮು ಕಣ್ರೀ," ಎಂದರು. "ಆ ಕಾರು ತೆಗೆಸಿ ಅತ್ಲಾಗೆ. ಸಾಲಲ್ಲಿ ನಿಲ್ಲೋಕೆ ಜಾಗ ಸಾಲಲ್ಲ."

ಎಂಜಿನಿಯರ್ ಸಹಿ ಹಾಕಿದರು. ಮಕ್ಕಳು, ಅಪ್ಪಂದಿರು, ಪೇಂಟರು, ಎಲ್ಲರೂ ನನ್ನ ಮುಖದ ತುಂಡುಗಳಿಗಾಗಿ ಕಿತ್ತಾಡುತ್ತಿದ್ದರು. ನಾನು ಅತ್ತೆಯ ಪಕ್ಕ ಹೋಗಿ ನಿಂತೆ. ಅವರು ನೋಟುಪುಸ್ತಕದಲ್ಲಿ ಎರಡು ಸಮಯ ಬರೆದುಕೊಂಡು, ಕೆಳಗೊಂದು ಸಾಲು ಖಾಲಿ ಬಿಟ್ಟಿದ್ದರು.

"ಪ್ರಯೋಗಕ್ಕೆ ಮೂರು ರೀಡಿಂಗ್ ಬೇಕು," ಎಂದರು, ನನ್ನ ಮುಖ ನೋಡದೆ. ಆಮೇಲೆ ಕನ್ನಡಕ ತೆಗೆದು ನನ್ನ ಕೈಗಿಟ್ಟು, ಚಪ್ಪಲಿ ಬಿಟ್ಟು, ಏಣಿ ಹತ್ತಿದರು.

ಅವರು ಕೆಳಗೆ ಬರುವಾಗ ಕೂಗಿದ ಕೂಗನ್ನು ಮೂವತ್ತನಾಲ್ಕು ವರ್ಷದ ಅವರ ಯಾವ ವಿದ್ಯಾರ್ಥಿನಿಯೂ ಕೇಳಿರಲಾರಳು. ಮರಳಿನಿಂದ ಎದ್ದವರು ನೇರವಾಗಿ ಸಾಲಿನ ಹಿಂದೆ ಹೋಗಿ, ಪುಟ್ಟಿಯ ಬೆನ್ನಿಗೆ ನಿಂತರು. ಮಧ್ಯಾಹ್ನ ಒಂದೂವರೆಗೆ ಹೆಂಡತಿ ಬಂದು ಸೊಂಟದ ಮೇಲೆ ಕೈಯಿಟ್ಟು ಕರೆದಳು. "ಅಮ್ಮಾ, ಊಟ ಆರ್ತಾ ಇದೆ. ಮೂರು ರೀಡಿಂಗ್ ಸಾಕು ಅಂತ ನೀನೇ ತಾನೇ ಹೇಳ್ತಿದ್ದಿದ್ದು?"

"ಸಾಕು ಅಂತ ಮಕ್ಕಳಿಗೆ ಸುಳ್ಳು ಹೇಳಿಬಿಟ್ಟಿದೀನಿ ಕಣೆ," ಎಂದು ಅತ್ತೆ ಒಂಬತ್ತನೆಯ ಸಲ ಏಣಿ ಹತ್ತಿದರು.